ಗೇಟಿನ ಆಚೆ, ಈಚೆ

ಓದುವ ಮಕ್ಕಳಿಗೆ ರಾಜಕೀಯ ಎಂತಕೆ ಮಾರಾಯ್ರೆ, ಎಂಬ ಮಾತು ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಚಾ ಕುಡಿಯುವವರ ನಡುವೆ ಆಗಾಗ ಏಳುತ್ತದೆ. ಅವರೇ ಮರುಗಳಿಗೆಗೆ ಕೋಟದ ಕಾರಂತಜ್ಜನ ಸುದ್ದಿ ಬಂದರೆ ಎದೆಯುಬ್ಬಿಸುತ್ತಾರೆ. 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು, ಮಂಗಳೂರಿನ ಸರಕಾರಿ ಕಾಲೇಜಿನ ಓದು ಬಿಟ್ಟು, ಖಾದಿ ಪ್ರಚಾರಕ್ಕೆ ಇಳಿದವರು. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ಪ್ರಾಯ. ಆ ಕಿಚ್ಚು ಆರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನೇ ಹಿಂದಿರುಗಿಸಿದರು. ಅದೇ ಹೊತ್ತಿಗೆ ಬೈಂದೂರು ಕಡೆಯ ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಕವಿತೆಯಲ್ಲಿ ಪ್ರತಿಭಟಿಸಿದರು. ಮಣ್ಣಿನ ಗುಣವೋ ಏನೋ.

ಕಾರಂತರದು ತಾನಾಗಿ ಕಾಲೇಜು ಬಿಟ್ಟ ಪ್ರತಿಭಟನೆ. ನೂರು ವರ್ಷ ಕಳೆದು ಕುಂದಾಪುರದಲ್ಲಿ ನಡೆದದ್ದು ಇದರ ತಿರುಗುಮುರುಗು: ನಮ್ಮನ್ನು ಒಳಗೆ ಬಿಡಿ ಎಂಬ ಪ್ರತಿಭಟನೆ. 2022ರ ಫೆಬ್ರವರಿ 3ರಂದು ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ಹಿಜಾಬ್ ಧರಿಸಿ ಬಂದ ಹುಡುಗಿಯರ ಮುಂದೆ ಮುಚ್ಚಿತು. ಪರೀಕ್ಷೆ ಹತ್ತಿರ ಬಂತು ಎಂದು ಅವರು ಅಂಗಲಾಚಿದ್ದನ್ನು ದೇಶವೇ ನೋಡಿತು. ಹಿಜಾಬಿಗೆ ಎದುರಾಗಿ ಕೇಸರಿ ಶಾಲು ಹೊದ್ದು ಬಂದ ಹುಡುಗರೂ ಇದೇ ಊರಿನವರು, ಅದೇ ಬೆಂಚುಗಳಲ್ಲಿ ಕೂತವರು. ನಾಲ್ಕು ದಿನದ ಮೇಲೆ ಹುಡುಗಿಯರನ್ನು ಒಳಗೆ ಬಿಟ್ಟದ್ದೇನೋ ಹೌದು, ಆದರೆ ಕೂರಿಸಿದ್ದು ಬೇರೆ ಕೋಣೆಯಲ್ಲಿ. ನನಗೆ ಗೇಟಿಗಿಂತ ಆ ಕೋಣೆಯೇ ಹೆಚ್ಚು ಚುಚ್ಚುತ್ತದೆ. ಪಾಠವಿಲ್ಲದೆ ಕೂರಿಸಿದರೆ ಅದು ತರಗತಿ ಹೇಗಾದೀತು?

ಮೇಲಿನವರ ಉತ್ತರ ಕಾಗದದ ಮೇಲೆಯೇ ಬಂತು. ಫೆಬ್ರವರಿ 5ಕ್ಕೆ ಸರಕಾರದ ಸಮವಸ್ತ್ರ ಆದೇಶ, ಬಳಿಕ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ, ಮಾರ್ಚ್ 15ಕ್ಕೆ ಆದೇಶವನ್ನು ಎತ್ತಿಹಿಡಿದ ಹೈಕೋರ್ಟ್ ತೀರ್ಪು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಮೂಡಲಿಲ್ಲ. ಅಷ್ಟು ದೊಡ್ಡವರಿಗೆ ಬಗೆಹರಿಯದ್ದನ್ನು ಹದಿನೇಳರ ಮಕ್ಕಳು ಗೇಟಿನ ಬಳಿ ನಿಂತು ಒಂದು ಬೆಳಿಗ್ಗೆಯಲ್ಲಿ ಬಗೆಹರಿಸಿಕೊಳ್ಳಬೇಕಿತ್ತೇ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಬೇಡಿಕೆ. ನಾಳೆ ಫೀಸಿಗೋ ಬಸ್ಸಿಗೋ ಬಟ್ಟೆಗೋ ಮಕ್ಕಳು ಕೂಗಿದರೆ, ಮೊದಲು ಒಳಗೆ ಕರೆದು ಕೂರಿಸಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಸುತ್ತೋಲೆ ಆಮೇಲೆ ಓದಿದರಾಯಿತು.