ತಂದೆಯ ಉದ್ಯೋಗ

ಈ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದ ಕಡೆ ನಾನು ‘ವ್ಯವಸಾಯ’ ಎಂದು ಬರೆದೆ. ಪೂರ್ತಿ ಸುಳ್ಳೇನಲ್ಲ, ತಾತನ ಕಾಲದಲ್ಲಿ ಉತ್ತರಹಳ್ಳಿಯಲ್ಲಿ ನಮಗೆ ಹತ್ತು ಗುಂಟೆ ರಾಗಿಯ ಹೊಲವಿತ್ತಂತೆ. ಈಗ ಅಲ್ಲಿ ಮೂರಂತಸ್ತಿನ ಮನೆ ಎದ್ದಿದೆ, ನಮ್ಮದಲ್ಲ. ನಮ್ಮಪ್ಪ ವಾಲಗ ಊದುವವರು. ವಸಂತಪುರದ ವಸಂತವಲ್ಲಭರಾಯನ ಸನ್ನಿಧಿಯಲ್ಲೋ, ಯಾರದೋ ಮದುವೆಯಲ್ಲೋ ನಾಗಸ್ವರ ನುಡಿಸಿ ನಮ್ಮನ್ನು ಸಾಕಿದವರು.

ಇದರಲ್ಲಿ ನಾಚಿಕೆ ಏಕೆಂದು ವಾಚಕರು ಕೇಳಬಹುದು. ಮದುವೆಯ ಮನೆಯಲ್ಲಿ ಒಮ್ಮೆ ವಾಲಗದವರ ಪಕ್ಕ ಕುಳಿತು ನೋಡಿ. ಅಪ್ಪ ತೋಡಿಯನ್ನು ಅರ್ಧ ಬಿಡಿಸಿರುತ್ತಾರೆ. ಅಷ್ಟರಲ್ಲಿ ಪುರೋಹಿತರು ಬೆರಳೆತ್ತಿ ಆಡಿಸುತ್ತಾರೆ. ‘ಗಟ್ಟಿಮೇಳ!’ ತೋಡಿ ಅಲ್ಲಿಗೆ ಮುಗಿಯಿತು. ಊಟ ಕೊನೆಯ ಪಂಕ್ತಿಯಲ್ಲಿ. ಈಚೆಗೆ ಆ ಕರೆಯೂ ಕಡಮೆಯಾಗಿದೆ, ಸ್ಯಾಕ್ಸೊಫೋನು ಬಂದಿದೆಯಷ್ಟೆ. ಅಪ್ಪ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಹಿತ್ತಾಳೆ ಚಿಲುಮೆ’ ಎನ್ನುತ್ತಾರೆ.

ಹೀಗಿರಲು, ಕಳೆದ ಮಾಘದಲ್ಲಿ ಉತ್ತರಹಳ್ಳಿಯ ಸಂಗೀತಾಭಿಮಾನಿಗಳೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಸುಷಿರವಾದ್ಯಗಳದೇ ಒಂದು ಕಚೇರಿ ಏರ್ಪಡಿಸಿದರು. ಮೊದಲು ನಾಗಸ್ವರ, ಅನಂತರ ಸ್ಯಾಕ್ಸೊಫೋನು. ಮೈಕು ಇಲ್ಲ, ಜಮಖಾನದ ಮೇಲೆ ನಲವತ್ತು ಜನ. ನಾಗಸ್ವರಕ್ಕೆ ಅಪ್ಪನನ್ನು ಕರೆದರು. ತಾಳ ಹಾಕಲು ನಾನು. ಕುಳಿತು ಕಣ್ಣೆತ್ತಿದರೆ ಎದುರಿಗೇ ನಮ್ಮ ಇಂಗ್ಲಿಷ್ ಅಧ್ಯಾಪಕರು! ಎರಡು ತಾಳದ ಬಟ್ಟಲುಗಳ ಹಿಂದೆ ಮುಖ ಮರೆಸುವುದು ಸಾಧ್ಯವೆ?

ನಾಗಸ್ವರ ಬಯಲಿನ ವಾದ್ಯ. ದೇವರು ಬೀದಿಯ ತಿರುವಿನಲ್ಲಿರುವಾಗಲೇ ಊರಿಗೆಲ್ಲ ತಿಳಿಯಬೇಕು. ಗಂಭೀರನಾಟದ ಮಲ್ಲಾರಿಗೆ ಕಿಟಕಿಯ ಗಾಜು ಅದುರಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮೆಲ್ಲನೆ ಹಿಂದಕ್ಕೆ ಸರಿದರು. ಬಳಿಕ ಅಪ್ಪ ಡೋಲಿನವರಿಗೆ ಕಣ್ಸನ್ನೆ ಮಾಡಿ ನಿಲ್ಲಿಸಿ, ತೋಡಿಯನ್ನು ಎತ್ತಿಕೊಂಡು, ಉಸಿರನ್ನು ಇಳಿಸುತ್ತ ಇಳಿಸುತ್ತ ಹೋದರು. ಆ ಕೊಳವೆಗೆ ಬೆರಳಿಡುವ ತೂತು ಏಳೇ ಏಳು. ಉಳಿದುದೆಲ್ಲ ತುಟಿಯ ಬಿಗಿ, ಉಸಿರಿನ ಅಳತೆ. ಗಾಂಧಾರ ಊದುಕಡ್ಡಿಯ ಹೊಗೆಯಂತೆ ಅಲುಗಿತು. ಇಪ್ಪತ್ತು ನಿಮಿಷ ಯಾರೂ ಬೆರಳೆತ್ತಲಿಲ್ಲ. ಮನೆಯಲ್ಲಿ ಸಾಧನೆಗೆ ಕುಳಿತರೆ ಪಕ್ಕದ ಬಾಡಿಗೆಯವರು ಗೋಡೆ ಗುದ್ದುತ್ತಾರೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ಅವರ ತೋಡಿಯ ಕೊನೆಯನ್ನು ಕೇಳಿದ್ದು ಅಂದೇ ಮೊದಲು.

ಸ್ಯಾಕ್ಸೊಫೋನಿನವರು ತರುಣರು. ನುಡಿಸುವ ಮುನ್ನ ನಾಲ್ಕು ಮಾತಾಡಿದರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯವಿದು. ಮೈ ಹಿತ್ತಾಳೆಯಾದರೂ ನಾದ ಹುಟ್ಟುವುದು ನಾಗಸ್ವರದಂತೆಯೇ ಜೊಂಡಿನ ಪೀಪಿಯಿಂದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮರುಳಾಗಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದವರೆಗೆ ಒಯ್ದ ಕದ್ರಿ ಗೋಪಾಲನಾಥರು ನಾಗಸ್ವರದವರ ಮಗ. ಈ ಕೊನೆಯ ಮಾತಿಗೆ ಅಪ್ಪ ತಲೆಯೆತ್ತಿ ನೋಡಿದರು. ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಕದನಕುತೂಹಲದ ಕೃತಿ ಚೆನ್ನಾಗಿಯೇ ಬಂದಿತು, ಸ್ವಲ್ಪ ಅವಸರ. ಮುಗಿದ ಮೇಲೆ ಆತ ಅಪ್ಪನ ಬಳಿ ಬಂದು ಕುಳಿತು, ‘ಯಜಮಾನರೆ, ನಿಮ್ಮ ಆ ಗಾಂಧಾರ ನನ್ನ ಕೀಲಿಗಳಿಗೆ ಸಿಗೋದಿಲ್ಲ’ ಎಂದರು. ‘ಕೀಲಿ ಬಿಡಿ, ಮೊದಲು ಹಾಡಿ ನೋಡಿ’ ಎಂದು ಅಪ್ಪ ತಾವೇ ಹಾಡಿ ತೋರಿಸಿದರು.

ಕಾಫಿಯ ಲೋಟ ಹಿಡಿದು ನಮ್ಮ ಅಧ್ಯಾಪಕರು ನನ್ನತ್ತ ಬಂದರು. ವಿಯೆನ್ನಾದ ಚಕ್ರವರ್ತಿ 1782ರಲ್ಲಿ ಎಂಟು ಜನರ ಊದುವಾದ್ಯದ ಮೇಳ ಕಟ್ಟಿದನಂತೆ. ಅರಮನೆಯ ಭೋಜನದ ಹೊತ್ತಿಗೆ ನುಡಿಸುವುದು ಅವರ ಕೆಲಸ. ಅಂಥ ಮೇಳಗಳಿಗೆ ಮೊಜಾರ್ಟ್ ಬರೆದುದನ್ನು ಜನ ಈಗ ಟಿಕೆಟ್ ಕೊಂಡು ಕೇಳುತ್ತಾರಂತೆ. ‘ಅವರೂ ಊಟದ ಮನೆಯ ವಾಲಗದವರೇ ಕಣಯ್ಯ’ ಎಂದು ನಕ್ಕು, ‘ನಾಗಸ್ವರದವರು ನಿನಗೇನಾಗಬೇಕು?’ ಎಂದು ಕೇಳಿದರು.

‘ನಮ್ಮ ತಂದೆ, ಸಾರ್.’

ನಡೆದೇ ಮನೆಗೆ ಹೊರಟೆವು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಬೀದಿಯ ತಿರುವಿಗೆ ಬಂದಾಗ, ‘ಆ ಸ್ಯಾಕ್ಸೊಫೋನಿಗೆ ಏನು ಬೆಲೆಯಂತೋ?’ ಎಂದರು.