ಆರೋ ಹದಿಮೂರೋ

ನಮ್ಮ ಮನೆಯಲ್ಲಿ ಬಿ.ಎ.ವರೆಗೆ ಓದಿದವನು ನಾನೊಬ್ಬನೇ. ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂಬ ಬಯಕೆ. ಮದ್ದೂರಿನಿಂದ ಮಂಡ್ಯದ ಕಾಲೇಜಿಗೆ ಬರುವಾಗ ಗೆಳೆಯನೊಡನೆ ನಿತ್ಯ ಒಂದೇ ವಾದ: ಕರ್ತವ್ಯದ ವೇಳೆ ಸೊಂಟದಲ್ಲಿರಬೇಕಾದುದು ರಿವಾಲ್ವರೋ ಪಿಸ್ತೂಲೋ? ರಿವಾಲ್ವರಿನಲ್ಲಿ 6 ಗುಂಡು. ಇಷಾಪುರದ ರೈಫಲ್ ಕಾರ್ಖಾನೆಯ 9 ಮಿ.ಮೀ. ಪಿಸ್ತೂಲಿನಲ್ಲಿ 13. ನಾನು ಹದಿಮೂರರ ಪಕ್ಷ.

ಕಾನ್‌ಸ್ಟೇಬಲಾಗಿ ಸೇರಿ ಎ.ಎಸ್.ಐ. ಆಗಿ ನಿವೃತ್ತರಾದ ಮಳವಳ್ಳಿಯ ಸೋದರಮಾವ ಮನೆಗೆ ಬಂದಾಗ ಕೇಳಿದೆ.

"ಗುಂಡು ಹಾರ್ದೆ ಹೋದ್ರೆ, ರಿವಾಲ್ವರ್‌ನಲ್ಲಿ ಇನ್ನೊಂದ್ಸಲ ಟ್ರಿಗರ್ ಎಳೆದ್ರೆ ಮುಂದಿಂದು ಬತ್ತದೆ. ಪಿಸ್ತೂಲ್‌ಗೆ ಎರಡ್ನೇ ಕೈ ಬೇಕು ಕಣ್ಲಾ," ಎಂದರು.

"ನೀವು ಎಷ್ಟು ಸಲ ಹಾರಿಸಿದಿರಿ ಮಾವ?"

"2016ರ ಕಾವೇರಿ ಗಲಾಟೇಲಿ ಮಂಡ್ಯದಲ್ಲಿ ಬಂದೋಬಸ್ತು. ಒರೆ ಮೇಲೆ ಕೈ ಇಟ್ಟಿದ್ದೆ. ನೋಡ್ತೀನಿ, ಎದುರ್ಗೆ ಗುಂಪಿನಲ್ಲಿ ಭಾವ, ನಿಮ್ಮಪ್ಪ, ನಿಂತವ್ರೆ."

ಪಕ್ಕದಲ್ಲಿ ಕುಳಿತಿದ್ದ ಅಪ್ಪ ಮಾತಾಡದೆ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.