ಇರುಳಿನ ಸಂಗಾತಿ

ನಕ್ಷತ್ರಗಳನ್ನು ಅರಿಯುವ ಹಂಬಲ ಹುಟ್ಟಿದೊಡನೆ ಮನಸ್ಸು ದೊಡ್ಡ ದೂರದರ್ಶಕಕ್ಕೆ ಹಾತೊರೆಯುತ್ತದೆ. ಆದರೆ ಕೈಗೆಟುಕುವ ಬೆಲೆಯ ಬೈನಾಕ್ಯುಲರ್ ಒಂದಿದ್ದರೂ ಆಕಾಶದ ಬಾಗಿಲು ತೆರೆದಂತೆಯೇ.

ಅಂಗಡಿಯಲ್ಲಿ ಕೊಳ್ಳುವವನನ್ನು ಮರುಳುಗೊಳಿಸುವುದು ವರ್ಧನದ ಅಂಕಿ. ‘20 ಪಟ್ಟು’ ಎಂಬ ಬರಹದ ಮುಂದೆ ‘7 ಪಟ್ಟು’ ಸಪ್ಪೆಯೆನಿಸುತ್ತದೆ. ಬಿಂಬ ಎಷ್ಟು ಪಟ್ಟು ಹಿಗ್ಗುವುದೋ ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ನಕ್ಷತ್ರ ಮಿಂಚುಹುಳುವಿನಂತೆ ಕುಣಿಯುತ್ತದೆ. ಬರಿಗೈಯಲ್ಲಿ ಹಿಡಿದು ನೋಡಲು 7ರಿಂದ 10 ಪಟ್ಟೇ ಹಿತ.

‘7×50’ ಎಂಬಲ್ಲಿ ಮೊದಲನೆಯದು ವರ್ಧನ. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. 50ನ್ನು 7ರಿಂದ ಭಾಗಿಸಿದರೆ ಸುಮಾರು 7. ಕಣ್ಣಿಗೆ ಬರುವ ಬೆಳಕಿನ ಕೋಲು ಅಷ್ಟು ಮಿಲಿಮೀಟರು ಅಗಲವಾಗಿರುತ್ತದೆ. ಕತ್ತಲಿಗೆ ಒಗ್ಗಿದ ಎಳೆಯರ ಕಣ್ಣಿನ ಪಾಪೆಯೂ ಸುಮಾರು ಅಷ್ಟೇ ಅರಳುತ್ತದೆ. ವಯಸ್ಸಾದಂತೆ ಅದು ಕಿರಿದಾಗುವುದರಿಂದ ಹಿರಿಯರಿಗೆ 10×50 ಸಾಕು.

ಕೊಳ್ಳುವ ಮುನ್ನ ದೂರದ ದೀಪವೊಂದನ್ನು ನೋಡಬೇಕು. ಅದು ಎರಡಾಗಿ ಕಂಡರೆ ನಳಿಗೆಗಳು ಒಂದೇ ನೇರದಲ್ಲಿಲ್ಲವೆಂದು ತಿಳಿಯಬೇಕು. ಅಗ್ಗವೆಂದು ಅಂಥದ್ದನ್ನು ತಂದರೆ ತಲೆನೋವನ್ನು ಕೊಂಡು ತಂದಂತೆ.

1610ರಲ್ಲಿ ಗೆಲಿಲಿಯೋ ಸುಮಾರು 20 ಪಟ್ಟಿನ ದೂರದರ್ಶಕದಿಂದ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡನು. ಮೊಣಕೈಗಳನ್ನು ಕಟ್ಟೆಯ ಮೇಲೆ ಊರಿ 10 ಪಟ್ಟಿನ ಬೈನಾಕ್ಯುಲರ್ ಹಿಡಿದ ಬಾಲಕನಿಗೂ ಇಂದು ಅವು ಚುಕ್ಕೆಗಳಾಗಿ ಗೋಚರಿಸುತ್ತವೆ. ಬರಿಗಣ್ಣಿಗೆ ಆರೋ ಏಳೋ ಆಗಿದ್ದ ಕೃತ್ತಿಕೆಯರು ಹತ್ತಾರಾಗುತ್ತಾರೆ.

ಒಂದು ಕಟ್ಟಳೆಯನ್ನು ಮಾತ್ರ ಮೀರಲಾಗದು: ಇದರ ಮೂಲಕ ಸೂರ್ಯನನ್ನು ಎಂದೂ ನೋಡಬಾರದು. ಮಂದ ತಾರೆಯ ಬೆಳಕನ್ನು ಕೂಡಿಸಿಕೊಡುವ ಮಸೂರವೇ ಕ್ಷಣಮಾತ್ರದಲ್ಲಿ ಕಣ್ಣನ್ನು ಸುಟ್ಟೀತು. ಹಗಲು ಪೆಟ್ಟಿಗೆಯಲ್ಲಿದ್ದು ಇರುಳು ಕೈಗೆ ಬರುವ ಬೈನಾಕ್ಯುಲರ್ ಹಲವು ವರ್ಷಗಳ ಸಂಗಾತಿ.